ಬನಿಯನ್ನಿಗೆ ಹೆಸರು ಕೊಟ್ಟ ಬಲಶಾಲಿ ಯೂಜೀನ್ ಸ್ಯಾಂಡೋ

ಬಟ್ಟೆ ಅಂಗಡಿಗೆ ಹೋಗಿ ಸ್ಯಾಂಡೋ ಬನಿಯನ್ ಕೇಳುವವರಲ್ಲಿ ಬಹುತೇಕರಿಗೆ ಅದು ಒಬ್ಬ ಮನುಷ್ಯನ ಹೆಸರೆಂಬುದು ತಿಳಿದಿರುವುದಿಲ್ಲ. ತೋಳಿಲ್ಲದ ಆ ಒಳಉಡುಪಿಗೆ ಅಂಟಿಕೊಂಡಿರುವುದು ಜರ್ಮನ್ ಮೂಲದ ಬಲಶಾಲಿ ಯೂಜೀನ್ ಸ್ಯಾಂಡೋನ ಹೆಸರು. ದೇಹಬಲವು ಜಟ್ಟಿಗಳ ಮತ್ತು ಸರ್ಕಸ್ಸಿನವರ ಸ್ವತ್ತಲ್ಲ, ಇಡೀ ದಿನ ಕುಳಿತು ಲೆಕ್ಕ ಬರೆಯುವ ಗುಮಾಸ್ತನಿಗೂ ಅದು ದಕ್ಕಬಲ್ಲದು ಎಂದು ಜನಸಾಮಾನ್ಯರಿಗೆ ಮನವರಿಕೆ ಮಾಡಿಕೊಟ್ಟ ಮೊದಲಿಗರಲ್ಲಿ ಈತನೂ ಒಬ್ಬ.

ಸ್ಯಾಂಡೋ ಜನಿಸಿದ್ದು 1867ರ ಏಪ್ರಿಲ್ 2ರಂದು, ಅಂದಿನ ಪ್ರಷ್ಯಾದ ಕೋನಿಗ್ಸ್‌ಬರ್ಗ್ ನಗರದಲ್ಲಿ. ಈಗ ಆ ನಗರ ರಷ್ಯಾಕ್ಕೆ ಸೇರಿದ್ದು, ಕಲಿನಿನ್‌ಗ್ರಾಡ್ ಎಂಬ ಹೆಸರು ಹೊತ್ತಿದೆ. ತಂದೆತಾಯಿ ಇಟ್ಟ ಹೆಸರು ಫ್ರೆಡ್ರಿಕ್ ವಿಲ್ಹೆಲ್ಮ್ ಮುಲ್ಲರ್. ಬಾಲ್ಯದಲ್ಲಿ ತಾನು ನರಪೇತಲನಾಗಿದ್ದೆನೆಂದೂ, ತಂದೆಯೊಡನೆ ಇಟಲಿಗೆ ಹೋದಾಗ ಪುರಾತನ ಗ್ರೀಕ್ ಮತ್ತು ರೋಮನ್ ಶಿಲ್ಪಗಳನ್ನು ಕಂಡು ಅಂಥ ಮೈಕಟ್ಟು ಪಡೆಯಲು ಪಣ ತೊಟ್ಟೆನೆಂದೂ ಆತ ಮುಂದೆ ಹೇಳಿಕೊಂಡ. ಈ ಕಥೆಯನ್ನು ಜೀವನಚರಿತ್ರೆಕಾರರು ಪೂರ್ತಿಯಾಗಿ ನಂಬುವುದಿಲ್ಲ. ಆದರೆ ಆತನ ಬೋಧನೆಯೆಲ್ಲ ನಿಂತದ್ದು ಇದರ ಮೇಲೆಯೇ. ದುರ್ಬಲನಾಗಿ ಹುಟ್ಟಿದವನು ದುರ್ಬಲನಾಗಿಯೇ ಉಳಿಯಬೇಕಿಲ್ಲ ಎಂಬುದು ಅದರ ಸಾರ.

ರಂಗಮಂಚದಿಂದ ಮನೆಯಂಗಳಕ್ಕೆ

ಕಡ್ಡಾಯ ಸೈನಿಕ ಸೇವೆಯಿಂದ ತಪ್ಪಿಸಿಕೊಂಡು ಹದಿಹರೆಯದಲ್ಲೇ ದೇಶ ಬಿಟ್ಟ ಆತ ಸರ್ಕಸ್ ಕಂಪನಿಗಳ ಜೊತೆ ಅಲೆದ. ಬ್ರಸೆಲ್ಸ್‌ನಲ್ಲಿ ವ್ಯಾಯಾಮ ಗುರು ಲೂಯಿ ಅಟಿಲಾನ ಕಣ್ಣಿಗೆ ಬಿದ್ದದ್ದು ಬದುಕಿನ ದಿಕ್ಕನ್ನೇ ಬದಲಿಸಿತು. 1889ರಲ್ಲಿ ಲಂಡನ್ನಿನ ರಾಯಲ್ ಅಕ್ವೇರಿಯಂ ರಂಗಮಂದಿರದಲ್ಲಿ, ಜಗತ್ತಿನ ಅತಿ ಬಲಶಾಲಿ ತಾನೇ ಎಂದು ಮೆರೆಯುತ್ತಿದ್ದ ಸ್ಯಾಂಪ್ಸನ್ ಎಂಬಾತನ ಸವಾಲನ್ನು ಸ್ವೀಕರಿಸಿ ಗೆದ್ದ. ಅಂದಿನಿಂದ ಸ್ಯಾಂಡೋ ಹೆಸರು ಮನೆಮಾತಾಯಿತು.

1893ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಪ್ರದರ್ಶನ ಏರ್ಪಡಿಸಿದ ಫ್ಲೋರೆನ್ಸ್ ಝೀಗ್‌ಫೆಲ್ಡ್, ಪ್ರೇಕ್ಷಕರು ಎತ್ತುವ ಭಾರಕ್ಕಿಂತ ಎತ್ತುವವನ ಮೈಕಟ್ಟನ್ನೇ ಹೆಚ್ಚು ದಿಟ್ಟಿಸುತ್ತಿರುವುದನ್ನು ಗಮನಿಸಿದ. ಭಾರ ಎತ್ತುವ ಕಸರತ್ತು ಹಿಂದೆ ಸರಿದು ಮಾಂಸಖಂಡಗಳ ಪ್ರದರ್ಶನ ಮುಂದೆ ಬಂತು. ಮರುವರ್ಷ ಥಾಮಸ್ ಆಲ್ವಾ ಎಡಿಸನ್ನನ ಸ್ಟುಡಿಯೋದಲ್ಲಿ ಚಲನಚಿತ್ರ ಕ್ಯಾಮೆರಾದ ಮುಂದೆಯೂ ಸ್ಯಾಂಡೋ ನಿಂತ. ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಯಾಮ ತಜ್ಞ ಡಾ. ಡಡ್ಲಿ ಸಾರ್ಜೆಂಟ್ ಆತನ ದೇಹವನ್ನು ಪರೀಕ್ಷಿಸಿ ಅಳತೆ ದಾಖಲಿಸಿದರು.

ಇಷ್ಟಕ್ಕೇ ನಿಂತಿದ್ದರೆ ಸ್ಯಾಂಡೋ ಮರೆತುಹೋದ ಸರ್ಕಸ್ ಕಲಾವಿದರಲ್ಲಿ ಒಬ್ಬನಾಗುತ್ತಿದ್ದ. ಆದರೆ 1897ರಲ್ಲಿ ಲಂಡನ್ನಿನಲ್ಲಿ ವ್ಯಾಯಾಮ ಸಂಸ್ಥೆಯೊಂದನ್ನು ತೆರೆದ. ಬಲ ಸಂಪಾದನೆಯ ಮಾರ್ಗ ತಿಳಿಸುವ ಪುಸ್ತಕ ಬರೆದ. 1898ರಲ್ಲಿ ದೇಹದಾರ್ಢ್ಯಕ್ಕೇ ಮೀಸಲಾದ ಪತ್ರಿಕೆ ಹೊರಡಿಸಿದ. ಊರಿಂದೂರಿಗೆ ಅಂಚೆಯ ಮೂಲಕ ಪಾಠಗಳು ಹರಿದವು.

ಆತನ ಪದ್ಧತಿ ಸರಳವಾಗಿತ್ತು. ಕೆಲವೇ ಪೌಂಡ್ ತೂಕದ ಹಗುರ ಡಂಬೆಲ್ ಸಾಕು, ಆದರೆ ಅಭ್ಯಾಸ ನಿತ್ಯವೂ ನಡೆಯಬೇಕು. ಯಾವ ಸ್ನಾಯು ಕೆಲಸ ಮಾಡುತ್ತಿದೆಯೋ ಅದರ ಮೇಲೆ ಮನಸ್ಸಿಡಬೇಕು. ಎದೆ, ಸೊಂಟ, ತೋಳು, ತೊಡೆಗಳ ಸುತ್ತಳತೆಯನ್ನು ಟೇಪು ಹಿಡಿದು ಬರೆದಿಟ್ಟುಕೊಂಡು, ಕೆಲವು ತಿಂಗಳ ಬಳಿಕ ಮತ್ತೆ ಅಳೆದು ಹೋಲಿಸಬೇಕು. ಆಹಾರದ ವಿಷಯದಲ್ಲಿ ಯಾವ ಕಟ್ಟುನಿಟ್ಟಿನ ಪಥ್ಯವನ್ನೂ ಆತ ಹೇರಲಿಲ್ಲ. ಇಷ್ಟವಾದುದನ್ನು ಹೊತ್ತಿಗೆ ಸರಿಯಾಗಿ, ಮಿತವಾಗಿ ತಿನ್ನಬೇಕೆಂಬುದೇ ಆತನ ಸಲಹೆ. ಮಹಿಳೆಯರಿಗೂ ವ್ಯಾಯಾಮ ಅಗತ್ಯವೆಂದು ಅಂದಿನ ಕಾಲದಲ್ಲೇ ಬೋಧಿಸಿದ.

ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಸೇರಲು ಬಂದ ಬ್ರಿಟನ್ನಿನ ಯುವಕರಲ್ಲಿ ಅನೇಕರು ದೈಹಿಕವಾಗಿ ಅನರ್ಹರೆಂದು ತಿರಸ್ಕೃತರಾದರು. ಕಾರ್ಖಾನೆ ಪಟ್ಟಣಗಳ ಬದುಕು ಒಂದು ತಲೆಮಾರಿನ ಆರೋಗ್ಯವನ್ನೇ ಸವೆಸಿದೆ ಎಂಬ ಆತಂಕ ದೇಶವನ್ನು ಆವರಿಸಿತು. ಈ ಆತಂಕದ ನಡುವೆ, 1901ರ ಸೆಪ್ಟೆಂಬರ್ 14ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸ್ಯಾಂಡೋ ಏರ್ಪಡಿಸಿದ ದೇಹದಾರ್ಢ್ಯ ಸ್ಪರ್ಧೆ ಆ ಬಗೆಯ ಮೊದಲ ದೊಡ್ಡ ಸ್ಪರ್ಧೆಯೆಂದು ಇತಿಹಾಸ ಸೇರಿತು. ಷರ್ಲಾಕ್ ಹೋಮ್ಸ್ ಪಾತ್ರದ ಸೃಷ್ಟಿಕರ್ತ ಆರ್ಥರ್ ಕಾನನ್ ಡಾಯ್ಲ್ ಮತ್ತು ಶಿಲ್ಪಿ ಚಾರ್ಲ್ಸ್ ಲಾಸ್ ತೀರ್ಪುಗಾರರಾಗಿದ್ದರು. ಅಲ್ಲಿ ಬಹುಮಾನ ಅತಿ ದಪ್ಪ ತೋಳಿನವನಿಗೆ ಮೀಸಲಾಗಿರಲಿಲ್ಲ. ಅಂಗಾಂಗಗಳ ಸಮತೋಲ, ಒಟ್ಟಾರೆ ಆರೋಗ್ಯ, ಚರ್ಮದ ಕಾಂತಿಗಳನ್ನೂ ಪರಿಗಣಿಸಲಾಯಿತು. ನಾಟಿಂಗ್‌ಹ್ಯಾಮ್‌ನ ವಿಲಿಯಂ ಮರ್ರೆ ಮೊದಲ ಸ್ಥಾನ ಪಡೆದ.

ಭಾರತಕ್ಕೆ ಬಂದ ಸ್ಯಾಂಡೋ

1904ರಲ್ಲಿ ಆರಂಭವಾದ ಜಗತ್ಪ್ರವಾಸದ ಭಾಗವಾಗಿ ಸ್ಯಾಂಡೋ ಭಾರತಕ್ಕೂ ಬಂದ. ಕಲ್ಕತ್ತಾ, ಬೊಂಬಾಯಿಗಳಲ್ಲಿ ಪ್ರದರ್ಶನ ನೀಡಿದ. ಗರಡಿಮನೆ, ದಂಡ, ಬಸ್ಕಿ, ಗದೆಗಳ ಪರಂಪರೆಯುಳ್ಳ ಈ ನಾಡಿಗೆ ವ್ಯಾಯಾಮ ಹೊಸದೇನೂ ಆಗಿರಲಿಲ್ಲ. ಆದರೆ ಓದುಬರಹ ಕಲಿತು ಕಚೇರಿ ಸೇರುತ್ತಿದ್ದ ಪಟ್ಟಣದ ಯುವಕರು ಗರಡಿಮನೆಯಿಂದ ದೂರ ಸರಿದಿದ್ದರು. ಅವರನ್ನು ಬಲಹೀನರೆಂದು ಆಂಗ್ಲರು ಹೀಯಾಳಿಸುತ್ತಿದ್ದ ಕಾಲವದು. ಕೋಣೆಯೊಳಗೇ, ಕನ್ನಡಿಯ ಮುಂದೆ ನಿಂತು ಮಾಡಬಹುದಾದ ಸ್ಯಾಂಡೋ ಪದ್ಧತಿ ಅಂಥವರನ್ನು ಸೆಳೆಯಿತು. ಬಲಶಾಲಿಗಳು ತಮ್ಮ ಹೆಸರಿನ ಹಿಂದೆ ಸ್ಯಾಂಡೋ ಎಂದು ಬಿರುದಿನಂತೆ ಸೇರಿಸಿಕೊಳ್ಳತೊಡಗಿದರು. ತಮಿಳು ಚಿತ್ರ ನಿರ್ಮಾಪಕ ಸ್ಯಾಂಡೋ ಚಿನ್ನಪ್ಪ ದೇವರ್ ಅವರ ಹೆಸರು ಇದಕ್ಕೊಂದು ನಿದರ್ಶನ.

ಕರ್ನಾಟಕದಲ್ಲಿ ಈ ಹೊಸ ವ್ಯಾಯಾಮ ಪದ್ಧತಿಗೆ ದೇಸಿ ರೂಪ ಕೊಟ್ಟವರು ಕೆ.ವಿ. ಅಯ್ಯರ್. ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳ ಕರ್ತೃವಾಗಿ ಕನ್ನಡಿಗರಿಗೆ ಪರಿಚಿತರಾದ ಅಯ್ಯರ್, ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಯುವಕರನ್ನು ತಿದ್ದಿದರು. ಸ್ಯಾಂಡೋನಂತೆಯೇ ಅಂಚೆಯ ಮೂಲಕವೂ ಪಾಠ ಹೇಳಿದರು. 1930ರಲ್ಲಿ ‘ಮಸಲ್ ಕಲ್ಟ್’ ಪುಸ್ತಕ ಪ್ರಕಟಿಸಿದ ಅವರು, ಡಂಬೆಲ್ ಜೊತೆಗೆ ಸೂರ್ಯನಮಸ್ಕಾರವನ್ನೂ ಬೆಸೆದರು.

ವ್ಯಾಪಾರದ ಹೊರೆ

ಇತ್ತ ಸ್ಯಾಂಡೋ 1906ರಲ್ಲಿ ಬ್ರಿಟಿಷ್ ಪ್ರಜೆಯಾದ. 1911ರಲ್ಲಿ ದೊರೆ ಐದನೇ ಜಾರ್ಜ್ ಆತನನ್ನು ದೇಹದಾರ್ಢ್ಯದ ಬೋಧಕನಾಗಿ ನೇಮಿಸಿಕೊಂಡ. ಕೀರ್ತಿಯ ಜೊತೆಗೆ ವ್ಯಾಪಾರವೂ ಬೆಳೆಯಿತು. ಸ್ಪ್ರಿಂಗ್ ಡಂಬೆಲ್, ರಬ್ಬರ್ ಪಟ್ಟಿಯ ಉಪಕರಣಗಳ ಬೆನ್ನಿಗೆ ಮಹಿಳೆಯರ ಸೊಂಟಪಟ್ಟಿ ಬಂತು, ಆರೋಗ್ಯದ ಹೆಸರಿನ ಕೋಕೋ ಪುಡಿ ಬಂತು. ದಿನನಿತ್ಯದ ಶ್ರಮದಿಂದ ಬಲ ಬರುತ್ತದೆಂದು ಕಲಿಸಿದವನೇ ಅದನ್ನು ಡಬ್ಬಿಯಲ್ಲಿಟ್ಟು ಮಾರಲು ಹೊರಟಂತಾಯಿತು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಮೂಲದವನೆಂಬ ಸಂಶಯ ಬೆನ್ನು ಹತ್ತಿತು. ಕೋಕೋ ಕಂಪನಿ 1916ರಲ್ಲಿ ಮುಳುಗಿತು.

1925ರ ಅಕ್ಟೋಬರ್ 14ರಂದು, 58ನೇ ವಯಸ್ಸಿನಲ್ಲಿ ಸ್ಯಾಂಡೋ ಲಂಡನ್ನಿನಲ್ಲಿ ನಿಧನನಾದ. ಹಳ್ಳಕ್ಕೆ ಜಾರಿದ ಕಾರನ್ನು ಒಬ್ಬನೇ ಎತ್ತಲು ಹೋಗಿ ಸತ್ತನೆಂಬ ಸುದ್ದಿ ಹರಡಿತು. ಮಹಾಧಮನಿಯ ಊತ ಒಡೆದದ್ದೇ ಕಾರಣವಿರಬೇಕೆಂಬುದು ಹೆಚ್ಚು ಒಪ್ಪಿತವಾದ ವಿವರಣೆ. ಪಟ್ನಿ ವೇಲ್ ರುದ್ರಭೂಮಿಯಲ್ಲಿನ ಆತನ ಸಮಾಧಿಯ ಮೇಲೆ 2002ರವರೆಗೆ ಹೆಸರು ಬರೆದ ಕಲ್ಲೂ ಇರಲಿಲ್ಲ. ಆದರೆ 1977ರಿಂದ ವಿಶ್ವದ ಪ್ರಮುಖ ದೇಹದಾರ್ಢ್ಯ ಸ್ಪರ್ಧೆಯಾದ ಮಿಸ್ಟರ್ ಒಲಿಂಪಿಯಾ ವಿಜೇತರ ಕೈಸೇರುತ್ತಿರುವುದು ಸ್ಯಾಂಡೋನದೇ ಪುತ್ಥಳಿ.

ಇಂದಿಗೂ ಸಲ್ಲುವ ಪಾಠ

ಸ್ಯಾಂಡೋ ಮಾರಿದ ಕೋಕೋ ಉಳಿಯಲಿಲ್ಲ, ಕಲಿಸಿದ ಶಿಸ್ತು ಉಳಿಯಿತು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ನಡೆಸಬೇಕು, ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿತು. ಆತನ ಅಳತೆ ಟೇಪು ಭಾರತೀಯರಿಗಂತೂ ಇನ್ನಷ್ಟು ಪ್ರಸ್ತುತ. ಯುರೋಪಿಯನ್ನರಿಗೆ ಹೋಲಿಸಿದರೆ ಅಷ್ಟೇ ತೂಕದ ಭಾರತೀಯರ ಮೈಯಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಆದ್ದರಿಂದಲೇ ಎತ್ತರಕ್ಕೆ ತಕ್ಕ ತೂಕವನ್ನು ಸೂಚಿಸುವ ಬಿಎಂಐ 23 ದಾಟಿದರೆ ಅಧಿಕ ತೂಕವೆಂದೂ, ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ತಲುಪಿದರೆ ಎಚ್ಚರಿಕೆಯ ಗಂಟೆಯೆಂದೂ ಇಲ್ಲಿನ ವೈದ್ಯರು ಪರಿಗಣಿಸುತ್ತಾರೆ. ತೂಕದ ಯಂತ್ರ ಹೇಳದ ಸತ್ಯವನ್ನು ಹತ್ತು ರೂಪಾಯಿಯ ಟೇಪು ಹೇಳುತ್ತದೆ.

ಹಗುರ ಭಾರ, ಮಿತ ಆಹಾರ, ತಪ್ಪದ ಅಭ್ಯಾಸ ಇವಿಷ್ಟೇ ಸ್ಯಾಂಡೋ ಬಿಟ್ಟುಹೋದ ಆಸ್ತಿ. ಆತನ ಹೆಸರಿನ ಬನಿಯನ್ ಮಾತ್ರ ಇಂದು ಮುಂದೆ ಬಂದ ಹೊಟ್ಟೆಗಳನ್ನೂ ಹೊದ್ದುಕೊಂಡು ನಿಂತಿದೆ.