ತಾವು ಕಾಣದ ಬೆಳಕು: ಚಿನ್ನದ ಗಣಿಗೆ ವಿದ್ಯುತ್ ಒಯ್ದ ದಿವಾನ ಶೇಷಾದ್ರಿ ಅಯ್ಯರ್

ಹಾಸನ: ಮಂಗಳೂರಿನಿಂದ ಘಟ್ಟ ಹತ್ತಿ ಬೆಂಗಳೂರಿಗೆ ಸಾಗುವ ಪೆಟ್ರೋಲಿಯಂ ಕೊಳವೆ ಮಾರ್ಗಕ್ಕೆ ಹಾಸನದಲ್ಲೊಂದು ನಿಲುಗಡೆಯಿದೆ. 2003ರಲ್ಲಿ ಕಾರ್ಯಾರಂಭ ಮಾಡಿದ ಈ ಮಾರ್ಗದಲ್ಲಿ ಹರಿದು ಬರುವ ಇಂಧನವನ್ನು ಇಲ್ಲಿ ದಾಸ್ತಾನು ಮಾಡಿ ಟ್ಯಾಂಕರ್‌ಗಳಿಗೆ ತುಂಬಿಸಲಾಗುತ್ತದೆ. ಇಂಥ ಸ್ಥಳಗಳಲ್ಲಿ ಇರುಳಿಡೀ ಉರಿಯುವ ಫ್ಲಡ್‌ಲೈಟುಗಳು ದೂರದಿಂದ ನೋಡುವವರಿಗೆ ಆಟದ ಮೈದಾನದ ದೀಪಗಳಂತೆಯೇ ಕಾಣುತ್ತವೆ. ಆದರೆ ಅವು ಬೇರೆಯೇ ಜಾತಿಯವು. ಪೆಟ್ರೋಲಿನ ಆವಿ ಸುಳಿದಾಡುವ ಗಾಳಿಯಲ್ಲಿ ಒಂದು ಕಿಡಿಯನ್ನೂ ಹೊರಗೆ ಬಿಡದೆ ಬೆಳಗಬೇಕಾದ ದೀಪಗಳವು.

ಕೆಲಸ ಅಪಾಯದ್ದಾದಷ್ಟೂ ಬೆಳಕಿನ ಅಗತ್ಯ ಹೆಚ್ಚು. ಬೆಳಕು ತರುವ ತಂತಿಯೇ ಇನ್ನೊಂದು ಅಪಾಯವಾಗುವ ಸಂಭವವೂ ಅಷ್ಟೇ ಹೆಚ್ಚು. ಈ ಇಕ್ಕಟ್ಟನ್ನು ನಮ್ಮ ನಾಡು ದೊಡ್ಡ ಪ್ರಮಾಣದಲ್ಲಿ ಮೊದಲು ಎದುರಿಸಿದ್ದು ಒಂದು ಶತಮಾನಕ್ಕೂ ಹಿಂದೆ, ಕೋಲಾರದ ಚಿನ್ನದ ಗಣಿಗಳಲ್ಲಿ. ಆ ಗಣಿಗಳಿಗೆ ವಿದ್ಯುತ್ ಒಯ್ಯುವ ಧೈರ್ಯ ಮಾಡಿದವರು ಮೈಸೂರಿನ ದಿವಾನ ಸರ್ ಕೆ. ಶೇಷಾದ್ರಿ ಅಯ್ಯರ್. ತಂತಿಯಲ್ಲಿ ವಿದ್ಯುತ್ ಹರಿದ ದಿನವನ್ನು ನೋಡಲು ಅವರು ಬದುಕಿರಲಿಲ್ಲ.

ಗುಮಾಸ್ತಿಕೆಯಿಂದ ದಿವಾನಗಿರಿಗೆ

ಶೇಷಾದ್ರಿ ಅಯ್ಯರ್ ಹುಟ್ಟಿದ್ದು 1845ರ ಜೂನ್ 1ರಂದು, ಪಾಲಕ್ಕಾಡಿನ ಸಮೀಪದ ಕುಮಾರಪುರದಲ್ಲಿ. ತಂದೆ ಕಲ್ಲಿಕೋಟೆಯಲ್ಲಿ ವಕೀಲರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಮುಗಿಸಿದ ತರುಣನಿಗೆ ಮೊದಲು ದೊರೆತದ್ದು ಕಲ್ಲಿಕೋಟೆಯ ಕಲೆಕ್ಟರ್ ಕಚೇರಿಯಲ್ಲಿ ಭಾಷಾಂತರಕಾರನ ಕೆಲಸ. ಆತನ ಸಾಮರ್ಥ್ಯವನ್ನು ಗುರುತಿಸಿ 1868ರಲ್ಲಿ ಮೈಸೂರು ಸೇವೆಗೆ ಕರೆತಂದವರು ಮುಂದೆ ದಿವಾನರಾದ ಸಿ. ರಂಗಾಚಾರ್ಲು.

ಮೊದಲ ನೇಮಕ ಅಷ್ಟಗ್ರಾಮ ವಿಭಾಗದಲ್ಲಿ. ಹಾಸನ ಸೀಮೆಯೂ ಅಂದು ಆ ವಿಭಾಗಕ್ಕೇ ಸೇರಿತ್ತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಾಗದ ಪತ್ರಗಳು ತಲುಪುತ್ತಿದ್ದ ಕಚೇರಿಯಲ್ಲೇ ಅವರ ಮೈಸೂರಿನ ವೃತ್ತಿಜೀವನ ಶುರುವಾಯಿತು. ಕೆಲಸದ ನಡುವೆಯೇ ಕಾನೂನು ಪದವಿ ಪಡೆದರು. ಜಿಲ್ಲಾಡಳಿತದ ಮೆಟ್ಟಿಲುಗಳನ್ನು ಒಂದೊಂದಾಗಿ ಏರಿದರು. 1883ರ ಆರಂಭದಲ್ಲಿ ರಂಗಾಚಾರ್ಲು ತೀರಿಕೊಂಡಾಗ ಹತ್ತನೆಯ ಚಾಮರಾಜೇಂದ್ರ ಒಡೆಯರು ಆ ಸ್ಥಾನಕ್ಕೆ ಆರಿಸಿದ್ದು 37ರ ಹರೆಯದ ಶೇಷಾದ್ರಿ ಅಯ್ಯರ್ ಅವರನ್ನು.

ಅಂದಿನ ಮೈಸೂರು 1876–78ರ ಭೀಕರ ಕ್ಷಾಮದ ಪೆಟ್ಟಿನಿಂದ ಇನ್ನೂ ಚೇತರಿಸಿಕೊಂಡಿರಲಿಲ್ಲ. ಬೊಕ್ಕಸ ಬರಿದಾಗಿ ಸಾಲದ ಹೊರೆ ಉಳಿದಿತ್ತು. ಖರ್ಚು ಉಳಿಸಲೆಂದು 1882ರಲ್ಲಿ ಹಾಸನ ತನ್ನ ಜಿಲ್ಲೆಯ ಸ್ಥಾನಮಾನವನ್ನೇ ಕಳೆದುಕೊಂಡಿತ್ತು. ಹೊಸ ದಿವಾನರ ಆಡಳಿತದಲ್ಲಿ, 1886ರಲ್ಲಿ ಅದು ಮರಳಿ ಜಿಲ್ಲೆಯಾಯಿತು. 1889ರಲ್ಲಿ ಪೂರ್ಣಗೊಂಡ ಬೆಂಗಳೂರು–ಹರಿಹರ ರೈಲು ಮಾರ್ಗ ಅರಸೀಕೆರೆಯ ಮೂಲಕ ಹಾದುಹೋಯಿತು. ಬರ ಬಂದರೂ ಜನ ಸಾಯಬಾರದು, ಅದಕ್ಕೆ ಕೆರೆ ಬೇಕು, ರೈಲು ಬೇಕು, ಕೈಯಲ್ಲಿ ನಾಲ್ಕು ಕಾಸು ಬೇಕು ಎಂಬುದೇ ಅವರ ಆಡಳಿತದ ಸಾರವಾಗಿತ್ತು. ಬೆಂಗಳೂರಿಗೆ ಹೆಸರಘಟ್ಟದ ನೀರು, ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆ ಅಣೆಕಟ್ಟು, ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಅದೇ ಕಾಲದ ಕೊಡುಗೆಗಳು.

ಕತ್ತಲ ಬಾವಿ, ಮೊಂಬತ್ತಿಯ ಬೆಳಕು

ಕೈಗೆ ಕಾಸು ತಂದುಕೊಡಬಲ್ಲ ಮೂಲವೊಂದು ಕೋಲಾರದಲ್ಲಿ ಕಂಡಿತ್ತು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಉಸ್ತುವಾರಿಯಲ್ಲಿ ಅಲ್ಲಿನ ಗಣಿಗಳು ಚಿನ್ನ ಕೊಡಲಾರಂಭಿಸಿದವು. ರಾಜಧನ ಮೈಸೂರಿನ ಬೊಕ್ಕಸ ಸೇರತೊಡಗಿತು. ದಿವಾನರು ಭೂವಿಜ್ಞಾನ ಇಲಾಖೆಯನ್ನು ತೆರೆದರು. ಗಣಿ ಪ್ರದೇಶಕ್ಕೆ ರೈಲು ಹಳಿ ಹಾಕಿಸಿದರು.

ಆದರೆ ಗಣಿ ಆಳವಾದಂತೆ ಕಷ್ಟವೂ ಆಳವಾಯಿತು. ನೀರೆತ್ತಲು, ಅದಿರು ಮೇಲೆತ್ತಲು, ಕಲ್ಲು ಕುಟ್ಟಲು ಇದ್ದದ್ದು ಉಗಿಯಂತ್ರಗಳು. ಅವುಗಳ ಒಲೆಗೆ ಸುತ್ತಲಿನ ಕಾಡಿನ ಸೌದೆ ಸಾಲದೆ ದೂರದಿಂದ ಕಲ್ಲಿದ್ದಲು ತರಿಸಬೇಕಿತ್ತು. ನೆಲದಡಿಯಲ್ಲಿ ಕಾರ್ಮಿಕರಿಗೆ ದಾರಿ ತೋರುತ್ತಿದ್ದುದು ಮೊಂಬತ್ತಿ, ಎಣ್ಣೆ ದೀಪ. ಬರಿಯ ಉರಿ ಇಕ್ಕಟ್ಟಾದ ಸುರಂಗದ ಗಾಳಿಯನ್ನು ತಿನ್ನುತ್ತದೆ, ಹೊಗೆ ಕಾರುತ್ತದೆ. ಛಾವಣಿಗೆ ಆನಿಸಿದ ಮರದ ತೊಲೆಗಳಿಗೆ ತಾಗಿದರೆ ಬೆಂಕಿಯಾಗುತ್ತದೆ. ಅದೇ ಸುರಂಗದಲ್ಲಿ ಬಂಡೆ ಒಡೆಯುವ ಸಿಡಿಮದ್ದೂ ಇರುತ್ತಿತ್ತು. ಕಲ್ಲಿದ್ದಲ ಗಣಿಯಲ್ಲಿ ಸಾಮಾನ್ಯವಾದ ಸ್ಫೋಟಕ ಅನಿಲದ ಕಾಟ ಇಲ್ಲಿ ಅಷ್ಟಾಗಿ ಇರದಿದ್ದರೂ ತೇವ, ಸೆಕೆ, ಸಿಡಿಮದ್ದಿನ ಹೊಗೆ, ಇದ್ದಕ್ಕಿದ್ದಂತೆ ಸಿಡಿಯುವ ಬಂಡೆ, ಇವೆಲ್ಲ ನಿತ್ಯದ ಸಂಗಾತಿಗಳು.

ಜಲಪಾತದ ಮೇಲೆ ಪಣ

ಸಕಲೇಶಪುರದ ಕಡೆಯಿಂದ ಹರಿದು ಗೊರೂರು, ಹೊಳೆನರಸೀಪುರಗಳನ್ನು ದಾಟುವ ಹೇಮಾವತಿ ಮುಂದೆ ಕಾವೇರಿಯನ್ನು ಸೇರುತ್ತದೆ. ಅರಕಲಗೂಡು ತಾಲ್ಲೂಕಿನ ಕೊಣನೂರು, ರಾಮನಾಥಪುರಗಳ ಬದಿಯಲ್ಲಿ ಕಾವೇರಿಯೇ ಹರಿಯುತ್ತದೆ. ಈ ನೀರೆಲ್ಲ ಒಂದಾಗಿ ಶಿವನಸಮುದ್ರದಲ್ಲಿ ಬಂಡೆಗಳ ಮೇಲಿಂದ ಧುಮುಕುತ್ತದೆ. 1895ರಲ್ಲಿ ಅಮೆರಿಕದ ನಯಾಗರ ಜಲಪಾತದಿಂದ ದೊಡ್ಡ ಪ್ರಮಾಣದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದ ಸುದ್ದಿ ಹಬ್ಬಿದಾಗ ಶಿವನಸಮುದ್ರದ ಮೇಲೂ ಖಾಸಗಿಯವರ ಕಣ್ಣು ಬಿದ್ದಿತ್ತು.

ಇಲ್ಲಿ ಶೇಷಾದ್ರಿ ಅಯ್ಯರ್ ಕೈಗೊಂಡ ತೀರ್ಮಾನವೇ ಅವರ ಬದುಕಿನ ಅತಿ ದೊಡ್ಡ ಪಣ. ಜಲಪಾತವನ್ನು ಕಂಪನಿಗೆ ಗುತ್ತಿಗೆ ಕೊಟ್ಟು ಬಾಡಿಗೆ ಎಣಿಸುವುದು ಸುಲಭವಿತ್ತು. ಅವರು ಹಾಗೆ ಮಾಡದೆ, ಸಂಸ್ಥಾನವೇ ವಿದ್ಯುತ್ ತಯಾರಿಸಿ ಗಣಿಗಳಿಗೆ ಮಾರಬೇಕೆಂದು ನಿಶ್ಚಯಿಸಿದರು. ಸೋತರೆ ಮುಳುಗುವುದು ಕ್ಷಾಮದಿಂದ ಈಗಷ್ಟೇ ಎದ್ದ ರೈತರ ಕಂದಾಯದ ಹಣ. ಭಾರತದಲ್ಲಿ ಆಗ ಜಲವಿದ್ಯುತ್ತಿನ ಉದಾಹರಣೆಯೆಂದರೆ 1897ರಲ್ಲಿ ಡಾರ್ಜಿಲಿಂಗ್‌ನಲ್ಲಿ ತೆರೆದಿದ್ದ ಪುಟ್ಟ ಘಟಕವಷ್ಟೇ. ನೂರಾರು ಕಿಲೋಮೀಟರ್ ದೂರಕ್ಕೆ ತಂತಿ ಎಳೆದ ಅನುಭವ ಈ ದೇಶದಲ್ಲಿ ಯಾರಿಗೂ ಇರಲಿಲ್ಲ.

ದಿವಾನರಿಗೆ ವಿರೋಧಿಗಳೂ ಕಡಿಮೆಯಿರಲಿಲ್ಲ. ಮದರಾಸಿನವರಿಗೇ ಮಣೆ ಹಾಕುತ್ತಾರೆ, ಪ್ರಜಾಪ್ರತಿನಿಧಿಗಳ ಮಾತಿಗೆ ಕಿವಿಗೊಡುವುದಿಲ್ಲ ಎಂಬ ದೂರು ಪತ್ರಿಕೆಗಳಲ್ಲಿ ಬರುತ್ತಲೇ ಇತ್ತು. ಅದರಲ್ಲಿ ಸತ್ಯಾಂಶವೂ ಇತ್ತು. 1894ರ ಡಿಸೆಂಬರ್‌ನಲ್ಲಿ ಮಹಾರಾಜರು ಅಕಾಲಿಕವಾಗಿ ತೀರಿಕೊಂಡ ಮೇಲೆ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾದರು. ಆಡಳಿತದ ಭಾರವೆಲ್ಲ ದಿವಾನರ ಹೆಗಲಿಗೇ ಬಂತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿಯಿತು. ಅಂಥ ಕಾಲದಲ್ಲೇ ಈ ಯೋಜನೆಗೆ ಅವರು ಮುಂದಡಿಯಿಟ್ಟರು.

ಯೋಜನೆ ರೂಪಿಸಿದವರು ಮೈಸೂರು ಸೇವೆಯಲ್ಲಿದ್ದ ಕೆನಡಾ ಮೂಲದ ಸೇನಾ ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್. ದಿವಾನರು ಅವರನ್ನು ಯೂರೋಪ್, ಅಮೆರಿಕಗಳಿಗೆ ಕಳುಹಿಸಿದರು. ಜನರೇಟರುಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ, ನೀರಿನ ಟರ್ಬೈನುಗಳನ್ನು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯಿಂದ ತರಿಸುವುದೆಂದಾಯಿತು. ಜಲಪಾತದ ಇನ್ನೊಂದು ದಡ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದರಿಂದ ಆ ಸರ್ಕಾರದ ಒಪ್ಪಿಗೆಯೂ ಬೇಕಾಯಿತು. ಗಣಿ ಕಂಪನಿಗಳೊಂದಿಗೆ ಹತ್ತು ವರ್ಷಗಳ ಕರಾರು ಏರ್ಪಟ್ಟ ಮೇಲಷ್ಟೇ ದಿವಾನರು ಕೆಲಸಕ್ಕೆ ಕೈಹಾಕಿಸಿದರು. ಕೊಳ್ಳುವವರನ್ನು ಮೊದಲು ಕಟ್ಟಿಹಾಕಿ ಆಮೇಲೆ ಹಣ ಹೂಡಿದ್ದು ವಕೀಲರ ಮಗನ ಜಾಣ್ಮೆ.

ಭಾರಿ ಯಂತ್ರಗಳು ಮದ್ದೂರು ನಿಲ್ದಾಣದವರೆಗೆ ರೈಲಿನಲ್ಲಿ ಬಂದವು. ಅಲ್ಲಿಂದ ಎತ್ತಿನ ಗಾಡಿಗಳೂ ಆನೆಗಳೂ ಅವನ್ನು ಮಲೇರಿಯಾ ಕಾಡುತ್ತಿದ್ದ ಶಿವನಸಮುದ್ರದ ಕಣಿವೆಗೆ ಎಳೆದೊಯ್ದವು. ತಲಾ 720 ಕಿಲೋವ್ಯಾಟ್‌ನ ಆರು ಜನರೇಟರುಗಳು, ಕೋಲಾರದವರೆಗೆ 147 ಕಿಲೋಮೀಟರ್ ಉದ್ದದ ತಂತಿ. ಅಂದಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿಗೆ ಅದು ಸೇರಿತು.

ಒಂಬತ್ತು ತಿಂಗಳ ಅಂತರ

ಈ ಕೆಲಸ ನಡೆದಿದ್ದಾಗಲೇ ದಿವಾನರ ಆರೋಗ್ಯ ಕುಸಿಯಿತು. 18 ವರ್ಷ ಹೊತ್ತ ಅಧಿಕಾರವನ್ನು 1901ರಲ್ಲಿ ಕೆಳಗಿಳಿಸಿದ ಅವರು ಅದೇ ವರ್ಷ ಸೆಪ್ಟೆಂಬರ್ 13ರಂದು ಕಣ್ಮುಚ್ಚಿದರು. ವಯಸ್ಸು 56. ಶಿವನಸಮುದ್ರದ ವಿದ್ಯುತ್ ಕೋಲಾರದ ಗಣಿಗಳನ್ನು ತಲುಪಿದ್ದು 1902ರ ಜೂನ್ 30ರಂದು. ಪಣವಿಟ್ಟವರು ಗೆಲುವನ್ನು ಕಾಣಲಿಲ್ಲ. ನಡುವೆ ಉಳಿದದ್ದು ಒಂಬತ್ತೇ ತಿಂಗಳು.

ಮೊದಲು ಬಂದದ್ದು ಬೆಳಕಿಗಿಂತ ಹೆಚ್ಚಾಗಿ ಬಲ ಎಂಬುದು ಗಮನಾರ್ಹ. ಮೋಟಾರುಗಳಿಗೆ ಹೊಂದುವಂತೆ ಸೆಕೆಂಡಿಗೆ 25 ಆವರ್ತನದ ವಿದ್ಯುತ್ತನ್ನು ಆರಿಸಲಾಗಿತ್ತು. ಅಷ್ಟು ನಿಧಾನದ ಆವರ್ತನದಲ್ಲಿ ದೀಪ ಕಣ್ಣಿಗೆ ತಿಳಿಯುವಂತೆ ಮಿನುಗುತ್ತದೆ. ಕಲ್ಲು ಕುಟ್ಟುವ ಗಿರಣಿ, ಗಾಳಿಯೊತ್ತುವ ಯಂತ್ರಗಳಿಗೆ ಮೊದಲ ಆದ್ಯತೆ. ಆಳದಲ್ಲಿ ಬಂಡೆ ಕೊರೆಯುವವನ ಕೈಯಲ್ಲಿ ಮೊಂಬತ್ತಿ, ಕಾರ್ಬೈಡ್ ದೀಪಗಳು ಬಹಳ ಕಾಲ ಉಳಿದವು. ಕಾರ್ಮಿಕರ ತಟ್ಟಿ ಮನೆಗಳಿಗೆ ಬೆಳಕು ಬಂದದ್ದು ಇನ್ನೂ ತಡವಾಗಿ. ಬೆಂಗಳೂರಿನ ಬೀದಿಗಳು ಬೆಳಗಿದ್ದು 1905ರ ಆಗಸ್ಟ್‌ನಲ್ಲಿ. ತಮ್ಮ ನದಿಯ ನೀರನ್ನು ಆ ಯಂತ್ರಗಳಿಗೆ ಹರಿಯಬಿಟ್ಟ ಹೇಮಾವತಿ ದಡದ ಹಳ್ಳಿಗಳಲ್ಲಿ ಬಹುಪಾಲು ವಿದ್ಯುತ್ ಕಂಡದ್ದು ಸ್ವಾತಂತ್ರ್ಯಾನಂತರ.

ದಿವಾನರನ್ನು ಹೊಗಳುವಾಗ ಈ ಸಂಗತಿಯನ್ನು ಮರೆಯಲಾಗದು. ಅವರು ವಿದ್ಯುತ್ ತಂದದ್ದು ಕಾರ್ಮಿಕರ ಕ್ಷೇಮಕ್ಕೆಂದಲ್ಲ, ನಾಡಿನ ಆದಾಯಕ್ಕೆಂದು. ಆದರೆ ಜಲಪಾತದ ಒಡೆತನವನ್ನು ಸಂಸ್ಥಾನದ ಕೈಯಲ್ಲೇ ಉಳಿಸಿದ್ದರಿಂದ, ಗಣಿಗೆ ಹೋದ ತಂತಿಯಿಂದಲೇ ಮುಂದೆ ಊರುಗಳಿಗೂ ದಾರಿ ತೆರೆಯಿತು. ಬೇಸಿಗೆಯಲ್ಲಿ ನೀರಿಳಿದು ವಿದ್ಯುತ್ ಕುಂಠಿತವಾಗುತ್ತಿದ್ದುದನ್ನು ನೀಗಿಸುವುದು 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟಿನ ಉದ್ದೇಶಗಳಲ್ಲೊಂದು. ಗೊರೂರು ಜಲಾಶಯದ ನಾಲೆಯಿಂದ ಚನ್ನರಾಯಪಟ್ಟಣದ ಒಣಭೂಮಿಗೆ ನೀರು ಹರಿದದ್ದು ಅದಕ್ಕೂ ಬಹಳ ನಂತರದ ಕಥೆ.

ಬೋಲ್ಟಿನಲ್ಲಿ ಅಡಗಿದ ಪ್ರಾಣ

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಅಷ್ಟರಲ್ಲಿ ಅವು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದವು. ಅಪಾಯದ ಜಾಗದಲ್ಲಿ ದೀಪ ಕೂರಿಸುವ ವಿದ್ಯೆ ಈ ಅವಧಿಯಲ್ಲಿ ಬಹಳ ಬೆಳೆದಿದೆ. ಇಂಧನ ಟರ್ಮಿನಲ್‌ಗಳಲ್ಲಿ ಬಳಸುವ ಫ್ಲೇಮ್‌ಪ್ರೂಫ್ ಫ್ಲಡ್‌ಲೈಟಿನ ಮರ್ಮ ಅನೇಕರು ಭಾವಿಸಿದಂತಿಲ್ಲ. ಅದರ ದಪ್ಪ ಲೋಹದ ಪೆಟ್ಟಿಗೆ ಆವಿಯನ್ನು ಒಳಗೆ ಬಿಡುವುದೇ ಇಲ್ಲವೆಂದಲ್ಲ. ಆವಿ ಒಳನುಗ್ಗಿ ಕಿಡಿ ತಾಗಿ ಸ್ಫೋಟಿಸಿದರೂ ಆ ಒತ್ತಡವನ್ನು ಪೆಟ್ಟಿಗೆ ತಾಳಿಕೊಳ್ಳುತ್ತದೆ. ಮುಚ್ಚಳದ ಕೂಡುಗೆರೆಯ ಅತಿ ಸಣ್ಣ ಸಂದಿನಲ್ಲಿ ನುಸುಳುವ ಬಿಸಿ ಅನಿಲ ಹೊರಬರುವಷ್ಟರಲ್ಲಿ ತಣ್ಣಗಾಗಿ, ಹೊರಗಿನ ಆವಿಗೆ ಬೆಂಕಿ ಹತ್ತಿಸದಂತಾಗುತ್ತದೆ.

ಆದ್ದರಿಂದಲೇ ಅಳವಡಿಸುವವನ ಕೈಗೆ ಎಲ್ಲಿಲ್ಲದ ಮಹತ್ವ. ಒಂದು ಬೋಲ್ಟ್ ಬಿಟ್ಟುಹೋದರೆ, ಕೂಡುಗೆರೆಗೆ ಗೀರು ಬಿದ್ದರೆ, ಕೇಬಲ್ ಒಳಹೋಗುವಲ್ಲಿ ಸರಿಯಾದ ಗ್ಲ್ಯಾಂಡ್ ಕೂರದಿದ್ದರೆ, ಬಳಸದ ರಂಧ್ರಕ್ಕೆ ತಕ್ಕ ಬಿರಡೆ ಹಾಕದಿದ್ದರೆ ಅಷ್ಟು ದುಬಾರಿ ದೀಪವೂ ಸಾಮಾನ್ಯ ದೀಪವೇ ಸರಿ. ಪೆಟ್ಟಿಗೆಯ ಮೈ ಆವಿಗೆ ಕಿಚ್ಚು ಹಿಡಿಸುವಷ್ಟು ಬಿಸಿಯಾಗದಂತೆ ಉಷ್ಣತೆಯ ವರ್ಗ ನೋಡಿ ದೀಪ ಆರಿಸಬೇಕು, ಅರ್ಥಿಂಗ್ ಗಟ್ಟಿಯಾಗಿರಬೇಕು. ವಿದ್ಯುತ್ ಸಂಪರ್ಕ ಕಡಿದು, ಗಾಳಿಯಲ್ಲಿ ಆವಿಯಿಲ್ಲವೆಂದು ಖಾತರಿ ಮಾಡಿಕೊಂಡ ಮೇಲಷ್ಟೇ ಮುಚ್ಚಳ ತೆರೆಯಬೇಕು.

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಶೇಷಾದ್ರಿ ಅಯ್ಯರ್ ಅವರ ಪ್ರತಿಮೆ ನಿಂತಿದೆ. ಶೇಷಾದ್ರಿಪುರಕ್ಕೆ ಅವರ ಹೆಸರಿದೆ. ಹಾಸನದಂಥ ಊರಿನಲ್ಲಿ ಹಗಲಿನಲ್ಲಿ ಕಂಬವೇರಿ, ಆರಿದ ದೀಪದ ಬೋಲ್ಟುಗಳನ್ನು ಒಂದೊಂದಾಗಿ ಬಿಗಿದು, ಕತ್ತಲಾಗುವ ಮೊದಲೇ ಮನೆಗೆ ಮರಳುವ ಎಲೆಕ್ಟ್ರಿಷಿಯನ್‌ಗೆ ಪ್ರತಿಮೆಯಿಲ್ಲ. ತಾನು ಕೂರಿಸಿದ ದೀಪ ಉರಿಯುವುದನ್ನು ಅವನೂ ಎಷ್ಟೋ ಸಲ ಕಾಣುವುದಿಲ್ಲ. ರಾತ್ರಿ ಪಾಳಿಯವರು ಮಾತ್ರ ಆ ಬೆಳಕಿನಲ್ಲಿ ಕೆಲಸ ಮುಗಿಸಿ, ಬೆಳಿಗ್ಗೆ ಕ್ಷೇಮವಾಗಿ ಮನೆ ಸೇರುತ್ತಾರೆ.