ರಾವುತರ ಛಾಯಾಚಿತ್ರಗಾರ ರೋಜರ್ ಫೆಂಟನ್

ರೋಜರ್ ಫೆಂಟನನು 1819ನೆಯ ಇಸವಿಯಲ್ಲಿ ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ಧನಿಕ ಮನೆತನವೊಂದರಲ್ಲಿ ಜನಿಸಿದನು. ನ್ಯಾಯಶಾಸ್ತ್ರವನ್ನೂ ಚಿತ್ರಕಲೆಯನ್ನೂ ಅಭ್ಯಸಿಸಿ, ಕಡೆಗೆ ಆಗತಾನೆ ಹುಟ್ಟಿದ್ದ ಛಾಯಾಚಿತ್ರ ವಿದ್ಯೆಗೆ ಮನಸೋತನು. 1853ರಲ್ಲಿ ಲಂಡನ್ನಿನಲ್ಲಿ ಛಾಯಾಚಿತ್ರ ಸಂಘವು ಸ್ಥಾಪಿತವಾದಾಗ ಅದರ ಪ್ರಥಮ ಕಾರ್ಯದರ್ಶಿಯಾದನು.

ಆ ಕಾಲದಲ್ಲಿ ರಷ್ಯಾ ದೇಶದ ಕ್ರಿಮಿಯಾದಲ್ಲಿ ಯುದ್ಧವು ನಡೆಯುತ್ತಿದ್ದಿತು. 1854ನೆಯ ಅಕ್ಟೋಬರ್ 25ರಂದು ಬಾಲಕ್ಲಾವದ ಕಣಿವೆಯಲ್ಲಿ ಸುಮಾರು 670 ಮಂದಿ ಆಂಗ್ಲ ರಾವುತರು, ತಪ್ಪು ತಿಳಿದ ಆಜ್ಞೆಯೊಂದರಿಂದ, ಫಿರಂಗಿಗಳಿಗೆ ಎದುರಾಗಿ ನುಗ್ಗಿ ಹಾಳಾದರು. ಮ್ಯಾಂಚೆಸ್ಟರಿನ ಆಗ್ನ್ಯೂ ಎಂಬ ಚಿತ್ರವ್ಯಾಪಾರಿಗಳು ಮರುವರ್ಷ ಫೆಂಟನನನ್ನು ಅಲ್ಲಿಗೆ ಕಳುಹಿಸಿದರು. ದ್ರಾಕ್ಷಾರಸದ ವರ್ತಕನೊಬ್ಬನ ಹಳೆಯ ಬಂಡಿಯನ್ನು ಕೊಂಡು, ಅದರೊಳಗೆ ಕತ್ತಲೆಕೋಣೆಯನ್ನು ಕಟ್ಟಿಸಿ, ಐದು ಕ್ಯಾಮರಾಗಳನ್ನೂ 700 ಗಾಜಿನ ಫಲಕಗಳನ್ನೂ ಹೇರಿಕೊಂಡು, ಮಾರ್ಚ್ ತಿಂಗಳಲ್ಲಿ ಬಾಲಕ್ಲಾವದಲ್ಲಿಳಿದನು.

ಕೆಲಸವು ಸುಲಭವಾಗಿರಲಿಲ್ಲ. ಗಾಜಿಗೆ ಲೇಪಿಸಿದ ರಸವು ಒಣಗುವುದಕ್ಕೆ ಮುಂಚೆಯೇ ಚಿತ್ರವನ್ನು ತೆಗೆದು ತೊಳೆಯಬೇಕು. ಬೇಸಗೆಯಲ್ಲಿ ಬಂಡಿಯು ಕುಲುಮೆಯಾಗುತ್ತಿದ್ದಿತು. ಚಿತ್ರಕ್ಕೆ ಹಲವು ಸೆಕೆಂಡುಗಳು ಹಿಡಿಯುತ್ತಿದ್ದುದರಿಂದ ಓಡುವ ಕುದುರೆಯನ್ನು ಹಿಡಿಯಲು ಸಾಧ್ಯವೇ ಇರಲಿಲ್ಲ. ಆದುದರಿಂದ ಆತನ ರಾವುತರೆಲ್ಲರೂ ನಿಂತಿರುವವರೇ, ಕುಳಿತಿರುವವರೇ.

ಆದರೂ ಆ ಚಿತ್ರಗಳ ಬೆಲೆ ಅಲ್ಲಿಯೇ ಇರುವುದು. ಚಿತ್ರಕಾರರು ರಾವುತನನ್ನು ಬರೆದಾಗ ಜರತಾರಿಯ ಅಂಗಿಯೂ ತುಪ್ಪುಳಿನ ಟೋಪಿಯೂ ಥಳಥಳಿಸುವುವು. ಫೆಂಟನನ ಗಾಜಿನ ಮೇಲಾದರೋ, ಅಡುಗೆಯ ಬಳಿ ನೆರೆದ 8ನೆಯ ಹುಸಾರ್ ದಳದವರು ಒಬ್ಬರಂತೆ ಒಬ್ಬರು ಉಟ್ಟಿಲ್ಲ. 13ನೆಯ ಡ್ರಗೂನ್ ದಳದಲ್ಲಿ ಆ ಕಣಿವೆಯಿಂದ ಬದುಕಿ ಬಂದವರನ್ನೂ ಈತನು ತೆಗೆದಿರುವನು. ಒಂದು ಸಂಗತಿಯನ್ನು ಮಾತ್ರ ನೋಡುವವರು ನೆನಪಿಡಬೇಕು: ಆ ರಸಕ್ಕೆ ಕೆಂಪು ಕಾಣದು. 11ನೆಯ ಹುಸಾರರ ಪ್ರಸಿದ್ಧವಾದ ಕಡುಗೆಂಪು ಷರಾಯಿಯು ಚಿತ್ರದಲ್ಲಿ ಕಪ್ಪಾಗಿಯೂ, ನೀಲಿಯ ಬಟ್ಟೆಯು ನಿಜಕ್ಕಿಂತ ತಿಳಿಯಾಗಿಯೂ ತೋರುವುವು.

ಒಂದು ಚಿತ್ರದಲ್ಲಿ ಸ್ತ್ರೀಯೊಬ್ಬಳು ಕುದುರೆಯ ಮೇಲೆ ಕುಳಿತಿರುವಳು. ಗಂಡನು ಪಕ್ಕದಲ್ಲಿ ನೆಲದ ಮೇಲೆ ನಿಂತಿರುವನು. ಈಕೆಯೇ 8ನೆಯ ಹುಸಾರ್ ದಳದ ಬಟವಾಡೆಯ ಅಧಿಕಾರಿಯ ಪತ್ನಿಯಾದ ಫ್ಯಾನಿ ಡುಬರ್ಲಿ. ದಂಡಿನೊಡನೆ ಇದ್ದು ಕಂಡುದನ್ನೆಲ್ಲ ದಿನಚರಿಯಲ್ಲಿ ಬರೆದು, 1855ರಲ್ಲಿ ಅಚ್ಚು ಹಾಕಿಸಿದಳು. ಮುಂದೆ ಅದೇ ದಳದೊಡನೆ ರಾಜಪುತಾನಕ್ಕೂ ಮಧ್ಯ ಹಿಂದೂಸ್ಥಾನಕ್ಕೂ ಬಂದಳು.

ಫೆಂಟನನು ಶವಗಳ ಚಿತ್ರವನ್ನು ತೆಗೆಯಲಿಲ್ಲ. ಯಂತ್ರದ ದೋಷವೆನ್ನಲಾಗದು, ಸತ್ತವರು ಅಲುಗುವುದಿಲ್ಲವಷ್ಟೆ. ಕೊಳ್ಳುವವರ ಮನಸ್ಸಿಗೆ ನೋವಾಗದಿರಲೆಂಬ ಎಣಿಕೆಯು ಇದ್ದಿರಬೇಕು. ಇದನ್ನು ಆತನ ಲೋಪವೆಂದೇ ನಾವು ಎಣಿಸುತ್ತೇವೆ.

ಕಾಲರಾ ತಗಲಿ, ಜೂನ್ ತಿಂಗಳಲ್ಲಿ ಸುಮಾರು 360 ಚಿತ್ರಗಳೊಡನೆ ಹಿಂದಿರುಗಿದನು. 1862ರಲ್ಲಿ ಕ್ಯಾಮರಾಗಳನ್ನು ಮಾರಿ ಮರಳಿ ವಕೀಲನಾದನು. 1869ರಲ್ಲಿ, ಐವತ್ತರ ವಯಸ್ಸಿನಲ್ಲಿ, ತೀರಿಕೊಂಡನು. ಮನೆತನದಲ್ಲಿ ಉಳಿದಿದ್ದ 263 ಪ್ರತಿಗಳನ್ನು 1944ರಲ್ಲಿ ಅಮೆರಿಕದ ಕಾಂಗ್ರೆಸ್ ಗ್ರಂಥಾಲಯವು ಕೊಂಡಿತು.