ಭೀಮೆಯ ದಂಡೆಯಲ್ಲಿ ಊರು ಕಟ್ಟಿದ ಫಿರೋಜ್ ಶಾಹ

ಅಫಜಲಪುರ ದಾಟಿ ಬಂದ ಭೀಮೆ ಜೇವರ್ಗಿ ಸೀಮೆಯತ್ತ ಹರಿಯುವ ಕಡೆ, ಕಲಬುರಗಿಯಿಂದ ಸುಮಾರು 28 ಕಿ.ಮೀ. ದೂರದಲ್ಲಿ ಫಿರೋಜಾಬಾದ್ ಇದೆ. ಮೂರು ಕಡೆ ಕಲ್ಲಿನ ಕೋಟೆಗೋಡೆ, ನಾಲ್ಕನೇ ಕಡೆ ಹೊಳೆಯೇ ಗೋಡೆ. ಒಳಗೆ ಜಾಮಿ ಮಸೀದಿ, ಪಾಳುಬಿದ್ದ ಅರಮನೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹುಡುಗರು ಹಂಪಿಗೆ ಟ್ರಿಪ್ ಹೊಡೆಯೋ ಮುಂಚೆ ಇಲ್ಲೊಮ್ಮೆ ಇಳೀಬೇಕು.

1400ರ ಹೊತ್ತಿಗೆ ಇದನ್ನು ಕಟ್ಟಿಸಿದವನು ಬಹಮನಿ ಸುಲ್ತಾನ ತಾಜುದ್ದೀನ್ ಫಿರೋಜ್ ಶಾಹ. ಅವನಿಗೆ ಗದ್ದುಗೆ ಸುಮ್ಮನೆ ಸಿಗಲಿಲ್ಲ. 1397ರಲ್ಲಿ ತಘಲ್ಚಿನ್ ಎಂಬ ತುರ್ಕಿ ಗುಲಾಮ ಒಬ್ಬ ಸುಲ್ತಾನನ ಕಣ್ಣು ಕೀಳಿಸಿ, ಇನ್ನೊಬ್ಬ ಹುಡುಗನನ್ನು ಕೂರಿಸಿ, ತಾನೇ ರಾಜ್ಯ ಆಳುತ್ತಿದ್ದ. ಫಿರೋಜ್ ಮತ್ತು ತಮ್ಮ ಅಹ್ಮದ್ ಸೇರಿ ಅವರನ್ನು ಕೆಳಗಿಳಿಸಿದರು. ಈ ತಮ್ಮನನ್ನು ನೆನಪಿಟ್ಟುಕೊಳ್ಳಿ.

ಫಿರೋಜ್‌ಗೆ ವಿದ್ಯೆಯ ಹುಚ್ಚು. 1407ರಲ್ಲಿ ದೌಲತಾಬಾದಿನಲ್ಲಿ ನಕ್ಷತ್ರ ನೋಡಲು ವೀಕ್ಷಣಾಲಯ ಶುರು ಮಾಡಿಸಿದ, ಅದು ಮುಗಿಯಲೇ ಇಲ್ಲ. ಆಡಳಿತದಲ್ಲಿ ಬ್ರಾಹ್ಮಣರಿಗೆ ಜಾಗ ಕೊಟ್ಟ, ಇರಾನಿನಿಂದ ವಿದ್ವಾಂಸರನ್ನು, ಸೈನಿಕರನ್ನು ಕರೆಸಿಕೊಂಡ. ಹೀಗೆ ಹೊರಗಿನಿಂದ ಬಂದವರಿಗೂ ಇಲ್ಲಿಯ ದಖನಿಗಳಿಗೂ ಮುಂದೆ ಬೆಳೆದ ಜಗಳವೇ ಬಹಮನಿ ರಾಜ್ಯವನ್ನು ಒಳಗಿಂದ ತಿಂದುಹಾಕಿತು.

ಇನ್ನು ಎಲ್ಲರಿಗೂ ಇಷ್ಟವಾಗೋ ಮದುವೆ ಕಥೆ. ಮುದಗಲ್ಲಿನ ಅಕ್ಕಸಾಲಿಗನ ಮಗಳ ಮೇಲೆ ವಿಜಯನಗರದ ದೇವರಾಯ ಕಣ್ಣು ಹಾಕಿದ, ಯುದ್ಧವಾಯ್ತು, ದೇವರಾಯ ಸೋತು ಬಂಕಾಪುರದ ಜೊತೆ ಮಗಳನ್ನೂ ಕೊಟ್ಟ. ಕೊನೆಗೆ ಬೀಳ್ಕೊಡುವಾಗ ಮಾವ ಸಾಕಷ್ಟು ದೂರ ಜೊತೆಗೆ ಬರಲಿಲ್ಲ ಅಂತ ಅಳಿಯ ಮುನಿಸಿಕೊಂಡನಂತೆ! ಹೇಳಿದವನು ಫೆರಿಷ್ತಾ. ಇನ್ನೂರು ವರ್ಷದ ನಂತರ ಬಿಜಾಪುರದಲ್ಲಿ ಕೂತು ಬರೆದವನು, ಜರಡಿ ಹಿಡಿದೇ ಓದಬೇಕು. ಜಗಳದ ಬೇರು ಹುಡುಗಿಯಲ್ಲ, ಕೃಷ್ಣಾ-ತುಂಗಭದ್ರೆ ನಡುವಿನ ರಾಯಚೂರು ದೋಆಬ್. ಇದನ್ನು ಧರ್ಮಯುದ್ಧ ಅನ್ನೋದೂ ಕಷ್ಟ, ಸೌಹಾರ್ದದ ಪೋಸ್ಟರ್ ಮಾಡೋದೂ ಕಷ್ಟ.

ಕೊನೆಗಾಲ ಕಹಿ. ಪಾನಗಲ್ ಕೋಟೆಗೆ ಹಾಕಿದ ಮುತ್ತಿಗೆ ವರ್ಷಗಟ್ಟಲೆ ಎಳೆದು ವಿಜಯನಗರದ ಕೈಯಲ್ಲಿ ಭಾರಿ ಸೋಲಾಯ್ತು. ಕಲಬುರಗಿಗೆ ಬಂದಾಗ ತಾನೇ ಸ್ವಾಗತಿಸಿದ್ದ ಖಾಜಾ ಬಂದೇನವಾಜರೊಂದಿಗೂ ಸಂಬಂಧ ಕೆಟ್ಟಿತ್ತು. ಫಿರೋಜ್ ಮಗ ಹಸನ್‌ಗೆ ಪಟ್ಟ ಅಂದ, ಖಾಜಾ ಅಹ್ಮದನ ಪರ ನಿಂತರು. ತಮ್ಮ ಓಡಿಹೋಗಿ ದಂಡು ಕಟ್ಟಿದ. ಅವನ ಬೆನ್ನಿಗೆ ನಿಂತವನು ಖಲಫ್ ಹಸನ್ ಎಂಬ ಬಸ್ರಾದ ವ್ಯಾಪಾರಿ. ದವಸ ಹೊರುವ ಬಂಜಾರರ ಎತ್ತುಗಳಿಗೆ ಬಾವುಟ ಕಟ್ಟಿಸಿ, ದೂರದಿಂದ ದೊಡ್ಡ ಕುದುರೆ ದಂಡಿನಂತೆ ತೋರಿಸಿದ ಅನ್ನುತ್ತಾರೆ. ಫಿರೋಜ್‌ನ ಸೈನ್ಯ ಕರಗಿತು. 1422ರಲ್ಲಿ ತಮ್ಮನಿಗೆ ಗದ್ದುಗೆ ಬಿಟ್ಟ ಅವನು ಸ್ವಲ್ಪ ದಿನದಲ್ಲೇ ತೀರಿಹೋದ.

ಕಲಬುರಗಿಯ ಹಫ್ತ್ ಗುಂಬಜ್‌ನಲ್ಲಿ ಎರಡು ಗುಮ್ಮಟದ ದೊಡ್ಡ ಗೋರಿ ಅವನದು. ಅದರ ಕಲ್ಲುಕೆತ್ತನೆಯಲ್ಲಿ ಗುಡಿ ಕಟ್ಟುವವರ ಕೈ ಕಾಣುತ್ತೆ. ಅಹ್ಮದ್ ರಾಜಧಾನಿಯನ್ನು ಬೀದರಿಗೆ ಒಯ್ದ. ಅಣ್ಣ ಕಟ್ಟಿಸಿದ ಊರು ಹೊಳೆದಂಡೆಯಲ್ಲೇ ಉಳಿಯಿತು.